ಸಂಬಳವೋ, ಮಕ್ಕಳೋ, ಹೊಣೆಯ ಹಂಚಿಕೆಯೋ: ಅಮೆರಿಕದ ವಿಶೇಷ ಶಿಕ್ಷಕರ ಡಿಸ್ಟ್ರಿಕ್ಟ್ ಆಯ್ಕೆಯ ಬಗೆಗೆ ಒಂದು ಮರುವಿಚಾರ

ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ನಮ್ಮ ಕಂದಾಯ ಜಿಲ್ಲೆಗೂ ಇವಕ್ಕೂ ಸಂಬಂಧವಿಲ್ಲ. ತನ್ನದೇ ಆಡಳಿತ ಮಂಡಳಿ, ತನ್ನದೇ ಬಜೆಟ್, ಹೆಚ್ಚಿನ ಕಡೆ ಸ್ಥಳೀಯ ಆಸ್ತಿ ತೆರಿಗೆಯ ವರಮಾನ ಇರುವ, ಶಿಕ್ಷಕರನ್ನು ತಾನೇ ನೇಮಿಸಿಕೊಳ್ಳುವ ಘಟಕ ಅದು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮನೆ ಕೊಳ್ಳುವ ಮೊದಲು ಡಿಸ್ಟ್ರಿಕ್ಟ್ ಯಾವುದೆಂದು ವಿಚಾರಿಸುವುದು ಮಕ್ಕಳ ಓದಿಗಾಗಿ. ಅದೇ ಪ್ರಶ್ನೆಯನ್ನು ಶಿಕ್ಷಕರ ಕಡೆಯಿಂದ ಕೇಳಿದ ಅಧ್ಯಯನಗಳಲ್ಲಿ ಬಹಳ ಪ್ರಭಾವ ಬೀರಿದ್ದು ಎರಿಕ್ ಹನುಶೆಕ್, ಜಾನ್ ಕೇನ್ ಮತ್ತು ಸ್ಟೀವನ್ ರಿವ್ಕಿನ್ 2004ರಲ್ಲಿ ಪ್ರಕಟಿಸಿದ ಲೇಖನ. ಟೆಕ್ಸಾಸ್ ರಾಜ್ಯದ 1990ರ ದಶಕದ ದತ್ತಾಂಶವನ್ನು ಆಧರಿಸಿ ಅವರು ಕಂಡುಕೊಂಡದ್ದು ಇಷ್ಟು: ಶಿಕ್ಷಕರು ಡಿಸ್ಟ್ರಿಕ್ಟ್ ಬದಲಿಸುವಾಗ ಸಂಬಳದಲ್ಲಿ ಆಗುವ ಹೆಚ್ಚಳ ತೀರಾ ಅಲ್ಪ, ಅವರ ಚಲನೆಗೂ ವಿದ್ಯಾರ್ಥಿಗಳ ಜನಾಂಗ ಮತ್ತು ಕಲಿಕೆಯ ಮಟ್ಟಕ್ಕೂ ಇರುವ ನಂಟು ಸಂಬಳದ ಜೊತೆಗಿನ ನಂಟಿಗಿಂತ ಬಲವಾದದ್ದು. ಈ ತೀರ್ಮಾನವನ್ನು ವಿಶೇಷ ಶಿಕ್ಷಣದ ಶಿಕ್ಷಕರಿಗೂ ಹಾಗೆಯೇ ಅನ್ವಯಿಸುವ ರೂಢಿಯನ್ನು ಈ ಲೇಖನ ಪ್ರಶ್ನಿಸುತ್ತದೆ. ವಿಶೇಷ ಶಿಕ್ಷಕರ ಮುಂದಿರುವ ಮಕ್ಕಳ ಗುಂಪನ್ನು ಬಹುಪಾಲು ರೂಪಿಸುವುದೇ ಡಿಸ್ಟ್ರಿಕ್ಟ್. ಆದ್ದರಿಂದ 'ಮಕ್ಕಳ ಲಕ್ಷಣ'ವನ್ನು ಡಿಸ್ಟ್ರಿಕ್ಟ್‌ನ ಆಡಳಿತದಿಂದ ಹೊರಗೆ ನಿಂತ ಕಾರಣವೆಂದು ಇಲ್ಲಿ ಬಗೆಯಲಾಗದು ಎಂಬುದು ನನ್ನ ವಾದ.

ಹೆಚ್ಚು ತಕರಾರಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡಬಹುದು. ಶಿಕ್ಷಕರ ಕೊರತೆ ಎನ್ನುವುದು ಬಹುಮಟ್ಟಿಗೆ ಇದ್ದವರು ಬಿಟ್ಟುಹೋಗುವುದರಿಂದ ಹುಟ್ಟುವ ಕೊರತೆ ಎಂದು ರಿಚರ್ಡ್ ಇಂಗರ್‌ಸಾಲ್ 2001ರಲ್ಲೇ ತೋರಿಸಿದ್ದಾರೆ. ವಿಶೇಷ ಶಿಕ್ಷಣದ ಮಟ್ಟಿಗೆ ಬಾನಿ ಬಿಲ್ಲಿಂಗ್ಸ್‌ಲೀ 2004ರಲ್ಲಿ, ಮತ್ತೆ ಎಲಿಜಬೆತ್ ಬೆಟಿನಿಯವರ ಜೊತೆಗೂಡಿ 2019ರಲ್ಲಿ ನಡೆಸಿದ ಸಮೀಕ್ಷೆಗಳು ಆಡಳಿತದ ಬೆಂಬಲ, ಕೆಲಸದ ಹೊರೆ, ಸಹೋದ್ಯೋಗಿಗಳ ಸಹಕಾರ ಇವುಗಳನ್ನು ಮುಂದಕ್ಕೆ ತಂದಿವೆ. ಆಯ್ಕೆ ಎಂಬ ಮಾತಿಗೇ ಒಂದು ಮಿತಿಯಿದೆ ಎಂಬುದೂ ಗೊತ್ತಿರುವ ವಿಷಯ. ನ್ಯೂಯಾರ್ಕ್ ರಾಜ್ಯವನ್ನು ಕುರಿತ ಡೊನಾಲ್ಡ್ ಬಾಯ್ಡ್ ಮತ್ತು ಸಂಗಡಿಗರ 2005ರ ಅಧ್ಯಯನದ ಪ್ರಕಾರ ಶೇ. 61ರಷ್ಟು ಶಿಕ್ಷಕರ ಮೊದಲ ಕೆಲಸ ಹುಟ್ಟೂರಿನಿಂದ 15 ಮೈಲಿಯೊಳಗೇ ಇತ್ತು. ಅಂದರೆ ಹೊಸ ಶಿಕ್ಷಕಿಯೊಬ್ಬರು 13,000 ಡಿಸ್ಟ್ರಿಕ್ಟ್‌ಗಳನ್ನು ಹೋಲಿಸಿ ನೋಡುವುದಿಲ್ಲ. ದಿನವೂ ಕಾರಿನಲ್ಲಿ ಹೋಗಿಬರಬಹುದಾದ ಐದಾರನ್ನು ಹೋಲಿಸುತ್ತಾರೆ, ಅಷ್ಟೆ. ಆ ಐದಾರರ ನಡುವೆ ಯಾವ ವ್ಯತ್ಯಾಸವನ್ನು ಗಮನಿಸಬೇಕು ಎಂಬಲ್ಲಿ ನಿಜವಾದ ಭಿನ್ನಾಭಿಪ್ರಾಯ ಶುರುವಾಗುತ್ತದೆ.

ಹನುಶೆಕ್ ಮತ್ತು ಸಂಗಡಿಗರ ವಾದದ ಹಿಂದೆ ಒಂದು ಊಹೆಯಿದೆ. ತರಗತಿಯಲ್ಲಿ ಯಾವ ಮಕ್ಕಳು ಕೂತಿದ್ದಾರೆ ಎಂಬುದನ್ನು ಬಡಾವಣೆ ನಿರ್ಧರಿಸುತ್ತದೆ. ಶಿಕ್ಷಕರು ಅದನ್ನು ಕಂಡು ಉಳಿಯುತ್ತಾರೆ ಅಥವಾ ಹೊರಡುತ್ತಾರೆ. ಸಾಮಾನ್ಯ ತರಗತಿಯ ಶಿಕ್ಷಕರ ವಿಷಯದಲ್ಲಿಯೂ ಈ ಊಹೆ ಪೂರ್ತಿ ಗಟ್ಟಿಯಾಗಿಲ್ಲ. ಕ್ಯಾಲಿಫೋರ್ನಿಯಾ ಕುರಿತು ಸುಸಾನಾ ಲೋಬ್, ಲಿಂಡಾ ಡಾರ್ಲಿಂಗ್-ಹ್ಯಾಮಂಡ್ ಮತ್ತು ಜಾನ್ ಲೂಜಾಕ್ 2005ರಲ್ಲಿ ಬರೆದದ್ದನ್ನು ನೋಡಿದರೆ, ಕೆಲಸದ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ವಿದ್ಯಾರ್ಥಿಗಳ ಜನಾಂಗದ ಪ್ರಭಾವ ಬಹಳಷ್ಟು ಕರಗುತ್ತದೆ. ವಿಶೇಷ ಶಿಕ್ಷಣದಲ್ಲಾದರೋ ಆ ಊಹೆಯ ಬುಡವೇ ಸಡಿಲ. 1975ರ ಕಾಯ್ದೆ, 1990ರಿಂದ ಐಡಿಇಎ ಎಂಬ ಹೆಸರಿನಲ್ಲಿ ಇರುವುದು, ಅಂಗವೈಕಲ್ಯವಿರುವ ಪ್ರತಿ ಮಗುವಿಗೂ ಸೂಕ್ತವಾದ ಉಚಿತ ಶಿಕ್ಷಣ ಕೊಡುವ ಹೊಣೆಯನ್ನು ರಾಜ್ಯದ ಮೇಲೂ ಅದರ ಮೂಲಕ ಡಿಸ್ಟ್ರಿಕ್ಟ್‌ನ ಮೇಲೂ ಹೊರಿಸುತ್ತದೆ. ಮಗುವನ್ನು ಗುರುತಿಸುವುದು, ಪರೀಕ್ಷಿಸುವುದು, ಪಾಲಕರ ಜೊತೆ ಕೂತು ಐಇಪಿ ಎಂಬ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವುದು, ಎಲ್ಲಿ ಕಲಿಸಬೇಕೆಂದು ತೀರ್ಮಾನಿಸುವುದು ಇವೆಲ್ಲ ಡಿಸ್ಟ್ರಿಕ್ಟ್‌ನ ಕೆಲಸ. ಈ ಕಾಯ್ದೆಯ ಅರ್ಥವನ್ನು ನಿಗದಿ ಮಾಡಿದ ಎರಡು ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ, 1982ರ ರೌಲಿ ಪ್ರಕರಣದಲ್ಲಿ ಮತ್ತು 2017ರ ಎಂಡ್ರೂ ಎಫ್. ಪ್ರಕರಣದಲ್ಲಿ, ಕಟಕಟೆಯಲ್ಲಿ ನಿಂತದ್ದು ಡಿಸ್ಟ್ರಿಕ್ಟ್‌ಗಳೇ. ಎರಡನೆಯ ತೀರ್ಪು ಮಗುವಿನ ಸ್ಥಿತಿಗೆ ತಕ್ಕ ಪ್ರಗತಿ ಸಾಧ್ಯವಾಗುವಂತೆ ಯೋಜನೆ ಇರಬೇಕೆಂದು ಹೇಳಿ ಮಟ್ಟವನ್ನು ಏರಿಸಿತು. ಆ ಏರಿಕೆಯ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಮಾತ್ರ ಕೋರ್ಟು ಹೇಳಲಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ಅದನ್ನು ಡಿಸ್ಟ್ರಿಕ್ಟ್‌ಗಳು ತಮ್ಮ ತಮ್ಮ ಬಜೆಟ್‌ನೊಳಗೆ ಹಂಚಿಕೊಳ್ಳುತ್ತವೆ. 1975ರಲ್ಲಿ ಕೇಂದ್ರ ಸರ್ಕಾರ ಭರಿಸಬಹುದೆಂದು ಹೇಳಿದ್ದು ಪ್ರತಿ ಮಗುವಿನ ಸರಾಸರಿ ವೆಚ್ಚದ ಶೇ. 40ರವರೆಗೆ, ಈಚಿನ ವರ್ಷಗಳಲ್ಲಿ ಅದು ಶೇ. 15ನ್ನೂ ಮುಟ್ಟಿಲ್ಲ. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಆಡಳಿತ ತುಂಬಬೇಕು.

ಈ ಹಂಚಿಕೆ ಕಾಗದದಲ್ಲಿ ಹೇಗೆ ಕಾಣುತ್ತದೆಂದು ಹತ್ತಿರದಿಂದ ನೋಡೋಣ. ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆ ರಿಸೋರ್ಸ್ ಸ್ಪೆಷಲಿಸ್ಟ್ ಎಂಬ ವಿಶೇಷ ಶಿಕ್ಷಕರ ಕೇಸ್‌ಲೋಡ್‌ಗೆ, ಎಂದರೆ ಒಬ್ಬರ ಹೊಣೆಯಲ್ಲಿರುವ ಮಕ್ಕಳ ಸಂಖ್ಯೆಗೆ, 28ರ ಮಿತಿ ಇಟ್ಟಿದೆ. ಪ್ರತಿ ಮಗುವಿನ ಐಇಪಿಯನ್ನು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು, ಮೂರು ವರ್ಷಕ್ಕೊಮ್ಮೆ ಮರುಮೌಲ್ಯಮಾಪನ ಆಗಬೇಕು. 180 ದಿನಗಳ ಶಾಲಾ ವರ್ಷದಲ್ಲಿ 28 ವಾರ್ಷಿಕ ಸಭೆಗಳೆಂದರೆ ಆರು ಚಿಲ್ಲರೆ ಶಾಲಾ ದಿನಕ್ಕೊಂದು ಸಭೆ. ಅದರ ಜೊತೆಗೆ ವರ್ಷಕ್ಕೆ ಒಂಬತ್ತೋ ಹತ್ತೋ ಮರುಮೌಲ್ಯಮಾಪನ. ಪ್ರತಿ ಸಭೆಗೂ ಮಗು ಈಗ ಎಲ್ಲಿದೆ ಎಂಬ ವಿವರಣೆ, ಅಳೆಯಬಹುದಾದ ವಾರ್ಷಿಕ ಗುರಿಗಳು, ಸೇವೆಯ ನಿಮಿಷಗಳ ಪಟ್ಟಿ ಸಿದ್ಧವಿರಬೇಕು. ನಡುನಡುವೆ ಪಾಲಕರಿಗೆ ಪ್ರಗತಿ ವರದಿ ಹೋಗಬೇಕು. ಲೆಕ್ಕಕ್ಕಾಗಿ ಪ್ರತಿ ಮಗುವಿಗೆ ವಾರಕ್ಕೆ 150 ನಿಮಿಷದ ಸೇವೆ ಎಂದಿಟ್ಟುಕೊಂಡರೆ 28 ಮಕ್ಕಳಿಗೆ 4,200 ನಿಮಿಷ ಬೇಕು. ದಿನಕ್ಕೆ ಆರು ಗಂಟೆಯಂತೆ ಇಡೀ ವಾರ, ಊಟದ ಬಿಡುವೂ ಇಲ್ಲದೆ ಕಲಿಸಿದರೂ ಸಿಗುವುದು 1,800. ಬೇರೆ ಬೇರೆ ತರಗತಿಯ, ಬೇರೆ ಬೇರೆ ಅಗತ್ಯದ ಮಕ್ಕಳನ್ನು ಎರಡು-ಮೂರರಂತೆ ಒಟ್ಟುಗೂಡಿಸದೆ ಬೇರೆ ದಾರಿಯಿಲ್ಲ. ಒಂದು ಡಿಸ್ಟ್ರಿಕ್ಟ್‌ನಲ್ಲಿ ಸಭೆಗಳ ದಿನಾಂಕ ಗೊತ್ತುಮಾಡುವುದಕ್ಕೆ, ನೋಟಿಸ್ ಕಳುಹಿಸುವುದಕ್ಕೆ, ಪರೀಕ್ಷಾ ವರದಿಗಳನ್ನು ಒಗ್ಗೂಡಿಸುವುದಕ್ಕೆ ಸಂಯೋಜಕರಿದ್ದು, ಪಕ್ಕದ ಡಿಸ್ಟ್ರಿಕ್ಟ್‌ನಲ್ಲಿ ಅದೆಲ್ಲ ಶಿಕ್ಷಕರದೇ ಆದರೆ, 28 ಎಂಬ ಅದೇ ಅಂಕಿ ಎರಡು ಬೇರೆ ಉದ್ಯೋಗಗಳನ್ನು ಸೂಚಿಸುತ್ತದೆ. ನ್ಯೂಯಾರ್ಕ್‌ನ ನಿಯಮಗಳಲ್ಲಿ ಬರುವ 12:1:1, 8:1:1, 6:1:1 ಎಂಬ ವಿಶೇಷ ತರಗತಿಯ ಅನುಪಾತಗಳೂ ಹೀಗೆಯೇ. 12 ಮಕ್ಕಳು, ಒಬ್ಬ ಶಿಕ್ಷಕ, ಒಬ್ಬ ಸಹಾಯಕ ಎಂಬಷ್ಟನ್ನು ಅವು ಹೇಳುತ್ತವೆ. ಆ ಸಹಾಯಕರಿಗೆ ತರಬೇತಿ ಸಿಕ್ಕಿದೆಯೇ, ಅವರು ರಜೆ ಹಾಕಿದ ದಿನ ಬದಲಿಗೆ ಯಾರಾದರೂ ಬರುತ್ತಾರೆಯೇ ಎಂಬುದು ಅನುಪಾತದಲ್ಲಿ ಕಾಣದು. ರಾಜ್ಯ ಕೊಡುವುದು ಗರಿಷ್ಠ ಮಿತಿಯನ್ನು; ಅದರೊಳಗಿನ ಬದುಕನ್ನು ಡಿಸ್ಟ್ರಿಕ್ಟ್ ಕೊಡುತ್ತದೆ.

ಇದಕ್ಕೆ ಎದುರಾಗಿ ಹೇಳಬಹುದಾದ ಅತಿ ಗಟ್ಟಿಯಾದ ಮಾತು ಹವಾಯಿಯಿಂದ ಬರುತ್ತದೆ. ಇಡೀ ರಾಜ್ಯವೇ ಒಂದು ಡಿಸ್ಟ್ರಿಕ್ಟ್ ಆಗಿರುವುದು ಅಲ್ಲಿ ಮಾತ್ರ. 2020ರ ಜನವರಿಯಿಂದ ಆ ರಾಜ್ಯ ವಿಶೇಷ ಶಿಕ್ಷಕರಿಗೆ ವರ್ಷಕ್ಕೆ 10,000 ಡಾಲರ್ ಹೆಚ್ಚುವರಿ ಕೊಡಲು ತೊಡಗಿತು. ರಾಡಿ ಥಿಯೋಬಾಲ್ಡ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಖಾಲಿ ಇರುವ ವಿಶೇಷ ಶಿಕ್ಷಣದ ಹುದ್ದೆಗಳ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಹಾಗಾದರೆ ಹಣವೇ ಕೆಲಸ ಮಾಡಿತಲ್ಲ, ಹೊಣೆಯ ಹಂಚಿಕೆಯ ಮಾತೇಕೆ ಎಂದು ಕೇಳಬಹುದು. ಅದೇ ಅಧ್ಯಯನದ ಮುಂದಿನ ಭಾಗ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆ ಹುದ್ದೆಗಳಿಗೆ ಬಂದವರು ಬಹುತೇಕ ಹವಾಯಿಯಲ್ಲೇ ಸಾಮಾನ್ಯ ತರಗತಿಗಳಲ್ಲಿ ಕಲಿಸುತ್ತಿದ್ದವರು. ಆಗಲೇ ವಿಶೇಷ ಶಿಕ್ಷಣದಲ್ಲಿದ್ದವರು ಉಳಿದುಕೊಳ್ಳುವುದರ ಮೇಲೆ ಆ ಹಣದ ಗಮನಾರ್ಹ ಪರಿಣಾಮ ಕಾಣಲಿಲ್ಲ. ಹಣ ಬಾಗಿಲೊಳಗೆ ಕರೆತಂದಿತು. ಒಳಗಿದ್ದವರನ್ನು ಹಿಡಿದಿಡುವ ಶಕ್ತಿ ಅದಕ್ಕಿತ್ತೆಂಬುದು ಸಿದ್ಧವಾಗಲಿಲ್ಲ. ಈ ಓದಿಗೆ ನಾನೇ ಕೆಲವು ಎಚ್ಚರಿಕೆಗಳನ್ನು ಜೋಡಿಸಬೇಕು. ಗಮನಾರ್ಹ ಪರಿಣಾಮ ಕಾಣಲಿಲ್ಲ ಎಂದ ಮಾತ್ರಕ್ಕೆ ಪರಿಣಾಮ ಶೂನ್ಯವೆಂದು ಸಿದ್ಧವಾಗುವುದಿಲ್ಲ. ಆ ಅವಧಿಯಲ್ಲಿ ಕೋವಿಡ್ ಬಂದು ಶಾಲೆಗಳ ದಿನಚರಿಯನ್ನೇ ಬದಲಿಸಿತು. ಸಾಗರದ ನಡುವಿನ ದ್ವೀಪಗಳಿಂದ ಕೆಲಸ ಬಿಟ್ಟು ಹೊರಡುವುದು ಓಹಾಯೋದಲ್ಲಿ ಪಕ್ಕದ ಊರಿಗೆ ಹೋದಷ್ಟು ಸುಲಭವೂ ಅಲ್ಲ. ಹವಾಯಿಯ ಸಾಕ್ಷ್ಯ ಸಂಬಳದ ವಾದವನ್ನು ಅರ್ಧಕ್ಕೆ ನಿಲ್ಲಿಸುತ್ತದೆ, ನನ್ನ ವಾದವನ್ನು ತಾನಾಗಿ ಸ್ಥಾಪಿಸುವುದಿಲ್ಲ.

ಹವಾಯಿಯಿಂದಲೇ ಇನ್ನೊಂದು ಆಕ್ಷೇಪವೂ ಹುಟ್ಟುತ್ತದೆ: ಡಿಸ್ಟ್ರಿಕ್ಟ್ ಒಂದೇ ಇದ್ದರೂ ಶಾಲೆಯಿಂದ ಶಾಲೆಗೆ ಪರಿಸ್ಥಿತಿ ಬೇರೆಯಾಗುವುದಾದರೆ ಆಯ್ಕೆಯ ಘಟಕ ಶಾಲೆಯೇ ಹೊರತು ಡಿಸ್ಟ್ರಿಕ್ಟ್ ಅಲ್ಲ, ಪ್ರಿನ್ಸಿಪಾಲರು ಯಾರು ಎಂಬುದೇ ಮುಖ್ಯ. ಮ್ಯಾಸಚೂಸೆಟ್ಸ್ ಕುರಿತು ಸೂಸನ್ ಮೂರ್ ಜಾನ್ಸನ್, ಮ್ಯಾಥ್ಯೂ ಕ್ರಾಫ್ಟ್ ಮತ್ತು ಜಾನ್ ಪಪೇ 2012ರಲ್ಲಿ ನಡೆಸಿದ ಅಧ್ಯಯನ ಶಾಲೆಯ ನಾಯಕತ್ವ ಮತ್ತು ಸಹೋದ್ಯೋಗಿಗಳ ಸಂಬಂಧಕ್ಕೆ ಕೊಟ್ಟ ತೂಕ ಈ ಆಕ್ಷೇಪವನ್ನು ಬಲಪಡಿಸುತ್ತದೆ. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಆದರೆ ವಿಶೇಷ ಶಿಕ್ಷಕರ ಸ್ಥಿತಿಯಲ್ಲಿ ಒಂದು ವ್ಯತ್ಯಾಸವಿದೆ. ಶಾಲೆಯ ವೇಳಾಪಟ್ಟಿಯಲ್ಲಿ ಯೋಜನೆಗೆ ಬಿಡುವು ಕೊಡುವುದು, ಸಾಮಾನ್ಯ ಶಿಕ್ಷಕರನ್ನು ಐಇಪಿ ಸಭೆಗೆ ಬಿಡಿಸಿ ಕಳುಹಿಸುವುದು ಪ್ರಿನ್ಸಿಪಾಲರ ಕೈಯಲ್ಲಿದೆ. ಎಷ್ಟು ಹುದ್ದೆ, ತೀವ್ರ ಅಗತ್ಯದ ಮಕ್ಕಳ ತರಗತಿಗಳನ್ನು ಯಾವ ಕಟ್ಟಡದಲ್ಲಿ ಒಟ್ಟುಗೂಡಿಸಬೇಕು, ಮನಶ್ಶಾಸ್ತ್ರಜ್ಞರು ಮತ್ತು ಸ್ಪೀಚ್ ಥೆರಪಿಸ್ಟ್‌ಗಳು ವಾರಕ್ಕೆ ಎಷ್ಟು ದಿನ ಬರಬೇಕು ಎಂಬುವು ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ಕಚೇರಿಯಲ್ಲಿ ನಿರ್ಧಾರವಾಗುತ್ತವೆ. ಒಳ್ಳೆಯ ಪ್ರಿನ್ಸಿಪಾಲರು ವರ್ಗವಾಗಿ ಹೋಗಬಹುದು; ಹುದ್ದೆಗಳ ಲೆಕ್ಕ ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ಶಾಲೆ ಮತ್ತು ಡಿಸ್ಟ್ರಿಕ್ಟ್‌ಗಳಲ್ಲಿ ಒಂದನ್ನೇ ಆರಿಸಬೇಕಾದ ಪ್ರಶ್ನೆ ಇದು ಎಂದು ನನಗೆ ತೋರುವುದಿಲ್ಲ.

ಇಷ್ಟರ ಮೇಲೆ, ಕೇಸ್‌ಲೋಡ್ ಕಡಿಮೆ ಇರುವ ಡಿಸ್ಟ್ರಿಕ್ಟ್ ಆರಿಸಿಕೊಳ್ಳಿ ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ಹೇಳುವುದು ಅಪಾಯ. ಹನುಶೆಕ್ ಅಧ್ಯಯನದ ಅವಧಿ ಮುಗಿದ ಎಷ್ಟೋ ವರ್ಷಗಳ ಮೇಲೆ, 2004ರಲ್ಲಿ, ಅದೇ ಟೆಕ್ಸಾಸ್‌ನ ಶಿಕ್ಷಣ ಆಡಳಿತ ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪ್ರಮಾಣ ಶೇ. 8.5 ಇರಬೇಕೆಂಬ ಸೂಚ್ಯಂಕವನ್ನು ಡಿಸ್ಟ್ರಿಕ್ಟ್‌ಗಳ ಮೇಲ್ವಿಚಾರಣೆಯಲ್ಲಿ ಸೇರಿಸಿತು. ಅದಕ್ಕಿಂತ ಹೆಚ್ಚು ಮಕ್ಕಳಿದ್ದ ಡಿಸ್ಟ್ರಿಕ್ಟ್‌ಗಳಿಗೆ ಕಡಿಮೆ ಅಂಕ. ರಾಜ್ಯದ ಪ್ರಮಾಣ ಸುಮಾರು ಶೇ. 12ರಿಂದ ಆ ಅಂಕಿಯ ಹತ್ತಿರಕ್ಕೇ ಇಳಿಯಿತು. ದೇಶದ ಸರಾಸರಿ ಆಗ ಶೇ. 13ರ ಆಸುಪಾಸಿನಲ್ಲಿತ್ತು. ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ 2016ರಲ್ಲಿ ಇದನ್ನು ಬಯಲಿಗೆ ತಂದಿತು. 2017ರಲ್ಲಿ ರಾಜ್ಯದ ಶಾಸನಸಭೆ ಇಂಥ ಮಿತಿಯನ್ನು ನಿಷೇಧಿಸಿತು. 2018ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ರಾಜ್ಯ ಐಡಿಇಎಯನ್ನು ಉಲ್ಲಂಘಿಸಿದೆ ಎಂದು ತೀರ್ಮಾನ ಕೊಟ್ಟಿತು. ಆ ವರ್ಷಗಳಲ್ಲಿ ಹಗುರವಾಗಿ ಕಂಡ ಕೇಸ್‌ಲೋಡ್‌ಗಳ ಹಿಂದೆ ಪರೀಕ್ಷೆಯನ್ನೇ ಮಾಡದೆ ಹೊರಗುಳಿಸಿದ ಮಕ್ಕಳಿರಬಹುದಿತ್ತು. ಶಿಕ್ಷಕರ ಹೊರೆ ಕಡಿಮೆಯಾಗಿದ್ದು ಮಕ್ಕಳ ಹಕ್ಕನ್ನು ಕಿತ್ತುಕೊಂಡೇ ಎಂದಾದರೆ ಅದನ್ನು ಒಳ್ಳೆಯ ಕೆಲಸದ ಪರಿಸ್ಥಿತಿ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಆದ್ದರಿಂದ ಒಂಟಿ ಅಂಕಿಯನ್ನು ನಂಬದೆ ಎರಡು-ಮೂರನ್ನು ಎದುರುಬದುರು ಇಟ್ಟು ಓದಬೇಕು. ಐಡಿಇಎ ಪ್ರಕಾರ ಪ್ರತಿ ರಾಜ್ಯವೂ ತನ್ನ ಡಿಸ್ಟ್ರಿಕ್ಟ್‌ಗಳ ಸಾಧನೆಯನ್ನು ನಿಗದಿತ ಸೂಚ್ಯಂಕಗಳಲ್ಲಿ ವರ್ಷಕ್ಕೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸಬೇಕು. ಅವುಗಳಲ್ಲಿ 11ನೆಯದು ಪಾಲಕರ ಒಪ್ಪಿಗೆಯ ನಂತರ 60 ದಿನಗಳಲ್ಲಿ, ಅಥವಾ ರಾಜ್ಯವೇ ಗೊತ್ತುಮಾಡಿದ ಅವಧಿಯಲ್ಲಿ, ಮೊದಲ ಮೌಲ್ಯಮಾಪನ ಮುಗಿಯಿತೇ ಎಂದು ನೋಡುತ್ತದೆ. ಐದನೆಯದು ಎಷ್ಟು ಮಕ್ಕಳು ದಿನದ ಶೇ. 80ರಷ್ಟು ಸಮಯವನ್ನಾದರೂ ಸಾಮಾನ್ಯ ತರಗತಿಯಲ್ಲಿ ಕಳೆಯುತ್ತಾರೆ ಎಂಬುದನ್ನು, ನಾಲ್ಕನೆಯದು ಅಮಾನತು ಮತ್ತು ಉಚ್ಚಾಟನೆಯನ್ನು ಅಳೆಯುತ್ತವೆ. ನನ್ನ ಅತ್ಯಂತ ಧೈರ್ಯದ ಮಾತು ಇದು: ಒಂದೇ ರಾಜ್ಯದೊಳಗೆ, ಒಂದೇ ಗಾತ್ರದ ಎರಡು ಡಿಸ್ಟ್ರಿಕ್ಟ್‌ಗಳ ನಡುವೆ ಆರಿಸುವಾಗ, ಗುರುತಿಸಿದ ಮಕ್ಕಳ ಪ್ರಮಾಣ ರಾಜ್ಯದ ಸರಾಸರಿಗೆ ಹತ್ತಿರವಿದ್ದು ಮೌಲ್ಯಮಾಪನ ಸಕಾಲದಲ್ಲಿ ಮುಗಿಯುವ ಡಿಸ್ಟ್ರಿಕ್ಟ್, ಸಂಬಳದ ಪಟ್ಟಿಯಲ್ಲಿ ಸ್ವಲ್ಪ ಮೇಲಿರುವ ಡಿಸ್ಟ್ರಿಕ್ಟ್‌ಗಿಂತ ಶಿಕ್ಷಕರ ಉಳಿಕೆಗೆ ಹೆಚ್ಚು ಅನುಕೂಲವಾಗಿರುವ ಸಂಭವ ಹೆಚ್ಚು. 'ಸಂಭವ' ಎಂದೇ ಹೇಳುತ್ತಿದ್ದೇನೆ. ಸಕಾಲದಲ್ಲಿ ಮುಗಿಸುವ ಡಿಸ್ಟ್ರಿಕ್ಟ್ ಅದನ್ನು ಶಿಕ್ಷಕರ ರಾತ್ರಿಗಳನ್ನು ಕಿತ್ತುಕೊಂಡು ಸಾಧಿಸಿರಬಹುದು. ಸೂಚ್ಯಂಕಗಳನ್ನು ಅಲ್ಲಿನ ಆಡಳಿತವೇ ತುಂಬಿ ಕಳುಹಿಸುತ್ತದೆ. ಅಂಕಿಗಳು ಪ್ರಕಟವಾಗುವ ಹೊತ್ತಿಗೆ ಹಳತಾಗಿರುತ್ತವೆ. ಸಂಬಳದ ಅಂತರ ದೊಡ್ಡದಾಗಿದ್ದಲ್ಲಿ, ಸಾಲ ಹೊತ್ತು ಕಾಲೇಜು ಮುಗಿಸಿದವರ ಪಾಲಿಗೆ, ಈ ಹೋಲಿಕೆಯೇ ಅನ್ವಯಿಸಲಿಕ್ಕಿಲ್ಲ. ಕಡಿಮೆ ಆದಾಯದ ಶಾಲೆಯಲ್ಲಿ ಐದು ವರ್ಷ ಸತತವಾಗಿ ಕಲಿಸುವ ಅರ್ಹ ವಿಶೇಷ ಶಿಕ್ಷಕರಿಗೆ 17,500 ಡಾಲರ್‌ವರೆಗೆ ಕೇಂದ್ರದ ಸಾಲಮನ್ನಾ ಸಿಗುವುದರಿಂದ ಸಂಬಳದ ಲೆಕ್ಕವೂ ನೇರವಾಗಿ ಉಳಿಯುವುದಿಲ್ಲ.

ಕರ್ನಾಟಕದ ಓದುಗರಿಗೆ ಈ ಚರ್ಚೆ ದೂರದ್ದೇನಲ್ಲ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2021ರಲ್ಲಿ ಪ್ರಾಥಮಿಕ ಹಂತಕ್ಕೆ 10 ಮಕ್ಕಳಿಗೊಬ್ಬ, ಮೇಲಿನ ಹಂತಕ್ಕೆ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಎಂಬ ಅನುಪಾತವನ್ನು ಸೂಚಿಸಿತು. ಇಲ್ಲಿ ಶಿಕ್ಷಕರು ಬ್ಲಾಕ್ ಆರಿಸಿಕೊಳ್ಳುವ ಸ್ವಾತಂತ್ರ್ಯ ಅಮೆರಿಕದವರಷ್ಟಿಲ್ಲ. ಆದರೆ ಬ್ಲಾಕ್‌ನ ಶಾಲೆಗಳನ್ನು ಸುತ್ತುವ ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರ ಕೆಲಸವನ್ನು ಮಕ್ಕಳ ತಲೆಯೆಣಿಕೆಯಿಂದಷ್ಟೇ ಅಳೆದರೆ, ಶಾಲೆಯಿಂದ ಶಾಲೆಗೆ ಹೋಗುವ ಹೊತ್ತು ಮತ್ತು ಮನೆಗೇ ಹೋಗಿ ಕಲಿಸುವ ಮಕ್ಕಳ ಪಾಲಿನ ಹೊತ್ತು ಲೆಕ್ಕದಿಂದ ತಪ್ಪಿಹೋಗುತ್ತದೆ.

ತೆರೆದೇ ಉಳಿದ ಪ್ರಶ್ನೆಗಳಲ್ಲಿ ಎರಡನ್ನು ಹೆಸರಿಸಬಹುದು. ಡಿಸ್ಟ್ರಿಕ್ಟ್ ಬದಲಿಸಿದ ವಿಶೇಷ ಶಿಕ್ಷಕರನ್ನು, ಅದೇ ಡಿಸ್ಟ್ರಿಕ್ಟ್‌ನಲ್ಲಿ ಸಾಮಾನ್ಯ ತರಗತಿಗೆ ಹೊರಳಿದವರನ್ನು ಮತ್ತು ವೃತ್ತಿಯನ್ನೇ ಬಿಟ್ಟವರನ್ನು ಬೇರೆ ಬೇರೆಯಾಗಿ ಇಟ್ಟು, ಅವರು ಬಿಟ್ಟುಬಂದ ಕೆಲಸದ ಹಂಚಿಕೆಯ ಜೊತೆ ಹೋಲಿಸುವುದು ಮೊದಲನೆಯದು. ಹವಾಯಿಯ ಫಲಿತಾಂಶದ ಅರ್ಥ ಈ ಮೂರು ದಾರಿಗಳನ್ನು ಬೇರ್ಪಡಿಸಿದಾಗಲೇ ತಿಳಿಯಾಗಬಲ್ಲದು. ಎರಡನೆಯದು ಸಹಾಯಕ ಸಿಬ್ಬಂದಿಯದು. ವಿಶೇಷ ತರಗತಿಯ ದಿನ ಸಾಗುವುದು ಅವರ ಆಸರೆಯಲ್ಲಿ. ಅವರ ಸಂಬಳ, ತರಬೇತಿ ಮತ್ತು ಉಳಿಕೆ ಶಿಕ್ಷಕರ ಉಳಿಕೆಯನ್ನು ಎಷ್ಟು ನಿರ್ಧರಿಸುತ್ತವೆ ಎಂಬುದನ್ನು ಈ ಲೇಖನದ ಸಾಮಗ್ರಿಯಿಂದ ಹೇಳಲಾಗದು.