ವಂಶಾವಳಿ ಕೇಳದ ಭಗಿನಿಯರು

ನಿಂಬರ್ಗಾದ ನಮ್ಮ ಮನೆಗೆ ಹೆಳವ ಬಂದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಎತ್ತು ಕಟ್ಟಿ, ಕಟ್ಟೆಯ ಮೇಲೆ ಕೂತು, ನಮ್ಮ ಮನೆತನದ ಹೆಸರುಗಳನ್ನು ಹೇಳುತ್ತ ಹೋದ. ಅಪ್ಪ, ಅಪ್ಪನ ಅಪ್ಪ, ಅವನಪ್ಪ. ಬಾಗಿಲಲ್ಲಿ ನಿಂತಿದ್ದ ಆಯಿ “ಅದರಾಗ ನನ್ನ ಹೆಸರ ಅದೇನಪ್ಪಾ?” ಎಂದಳು. “ನಿಮ್ದು ತವರಮನಿ ಹೆಳವನ ಹಂತ್ಯಾಕ ಇರ್ತದವ್ವ” ಎಂದ ಅವನು. ಅಲ್ಲಿತ್ತೋ ಇಲ್ಲವೋ, ಆಯಿ ಹೋಗಿ ಕೇಳಲಿಲ್ಲ.

ವಂಶಾವಳಿಯನ್ನೇ ಸದಸ್ಯತ್ವದ ಚೀಟಿ ಮಾಡಿಕೊಂಡ ಮಹಿಳಾ ಸಂಘವೊಂದು ಅಮೆರಿಕದಲ್ಲಿದೆ. 1890ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’. ಅಲ್ಲಿನ ಸ್ವಾತಂತ್ರ್ಯಕ್ಕಾಗಿ ದುಡಿದವರ ರಕ್ತಸಂಬಂಧವನ್ನು ದಾಖಲೆ ಸಮೇತ ತೋರಿಸಿದವರಿಗೆ ಮಾತ್ರ ಪ್ರವೇಶ. ಊರೂರಿಗೆ ಅದರ ಶಾಖೆಗಳು. ಅದರ ಬಗ್ಗೆ ಓದುವಾಗ ನಮ್ಮ ಕಡೆ ಇಂಥದ್ದು ಏನಿತ್ತೆಂದು ಹುಡುಕಿದೆ. ಸಿಕ್ಕಿದ್ದು ಹುಬ್ಬಳ್ಳಿಯ ಭಗಿನಿ ಮಂಡಳ. ದೇಶಭಕ್ತಿ ಅಲ್ಲಿಯೂ ಇತ್ತು, ವಂಶದ ವಿಚಾರಣೆ ಇರಲಿಲ್ಲ.

ಅದರ ಜೀವಾಳ ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದಾಗ ಹೆಸರು ಭವಾನಿ ಗೋಳಿಕೇರಿ; ಮದುವೆಯಾದ ಮೇಲೆ ಉಮಾಬಾಯಿ. (ಹೆಳವ ಯಾವ ಹೆಸರು ಬರೆದುಕೊಳ್ಳಬೇಕು?) ಮಾವ ಆನಂದರಾವ್ ಸುಧಾರಣಾವಾದಿ; ಸೊಸೆಯನ್ನು ಓದಿಸಿದರು. ಗಂಡ ತೀರಿಕೊಂಡ ಮೇಲೆ ಮಾವ–ಸೊಸೆ ಹುಬ್ಬಳ್ಳಿಗೆ ಬಂದರು. ಮಾವ ಕರ್ನಾಟಕ ಪ್ರೆಸ್ ತೆರೆದರು, ಸೊಸೆ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು.

ಎನ್. ಎಸ್. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗವೂ ಅವರದೇ ಆಯಿತು. 1924ರ ಡಿಸೆಂಬರಿನಲ್ಲಿ ಗಾಂಧಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನ ಬಂದಾಗ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಶುಭಕಾರ್ಯದಲ್ಲಿ ಎದುರು ಬರಬಾರದೆಂದು ಒಳಕೋಣೆಗೆ ಅಟ್ಟುತ್ತಿದ್ದ ಹೆಣ್ಣುಮಕ್ಕಳು ರಾಷ್ಟ್ರದ ಅತಿದೊಡ್ಡ ಸಭೆಯಲ್ಲಿ ಎದುರಿಗೇ ನಿಂತರು. ನನ್ನ ಮಟ್ಟಿಗೆ ಆ ಅಧಿವೇಶನದ ಠರಾವುಗಳಿಗಿಂತ ಇದು ದೊಡ್ಡದು.

ಹಾಗೆಂದು ಹುಟ್ಟಿನ ಲೆಕ್ಕ ಅಳಿದಿರಲಿಲ್ಲ. ಅದೇ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್, ಜಾತಿಯ ಕಾರಣಕ್ಕೆ ಊಟದ ಹೊತ್ತಿನಲ್ಲಿ ಏನು ಅವಮಾನ ಕಾದಿದೆಯೋ ಎಂದು ಅಳುಕಿದ್ದನ್ನು ಮುಂದೆ ನೆನೆದಿದ್ದಾರೆ. 1939ರಲ್ಲಿ ಆ ಅಮೆರಿಕದ ಸಂಘವೂ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್‌ಗೆ ತನ್ನ ಸಭಾಂಗಣ ಕೊಡಲಿಲ್ಲ; ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಬಯಲಿನಲ್ಲಿ ಹಾಡಿದರು.

1932ರಲ್ಲಿ ಉಮಾಬಾಯಿ ನಾಲ್ಕು ತಿಂಗಳು ಯರವಡಾ ಸೆರೆಮನೆಯಲ್ಲಿದ್ದರು. ಹೊರಬಂದಾಗ ಪ್ರೆಸ್ ಜಪ್ತಿಯಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನಿ ಮಂಡಳ ಕಾನೂನುಬಾಹಿರವಾಗಿತ್ತು. 1942ರಲ್ಲಿ ಭೂಗತರಿಗೆ ಅವರ ಮನೆಯೇ ಆಸರೆ. 1946ರಲ್ಲಿ ಗಾಂಧಿ ಅವರಿಗೆ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಒಪ್ಪಿಸಿದರು.

ಆಗ ನಿಂಬರ್ಗಾ ನಿಜಾಮನ ಸೀಮೆಯಲ್ಲಿತ್ತು. ನಮಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರಿನಲ್ಲಿ. ರಜಾಕಾರರ ಕಾಲದಲ್ಲಿ ಜನ ಗಂಟು ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದದ್ದು, ಅಡಗಿದವರಿಗೆ ರಾತ್ರಿ ರೊಟ್ಟಿ ಮುಟ್ಟಿಸಿದ್ದು ಆಯಿಯ ಕತೆಗಳು. ಮುಂದೆ ಕೇಂದ್ರ ಸರ್ಕಾರದ ಹೋರಾಟಗಾರರ ಪಿಂಚಣಿಗೆ ಸಾಮಾನ್ಯವಾಗಿ ಆರು ತಿಂಗಳ, ಮಹಿಳೆಯರಿಗೆ ಮೂರು ತಿಂಗಳ ಸೆರೆವಾಸದ ಪುರಾವೆ ಬೇಕಾಯಿತು. ರೊಟ್ಟಿ ಕಟ್ಟಿದ್ದಕ್ಕೆ ಜೈಲಿನ ಕಾಗದ ಎಲ್ಲಿಂದ ಬರಬೇಕು?

ಕಾಗದವಿದ್ದ ಉಮಾಬಾಯಿ ಪಿಂಚಣಿಯನ್ನೂ ತಾಮ್ರಪತ್ರವನ್ನೂ ಬೇಡವೆಂದರು. 1992ರಲ್ಲಿ, ನೂರರ ಹೊಸ್ತಿಲಲ್ಲಿ ತೀರಿಕೊಂಡರು.

ಹೋದ ವರ್ಷ ಹೆಳವ ಮತ್ತೆ ಬಂದಿದ್ದ. ಈಗ ಬೈಕಿನ ಮೇಲೆ. ಆಯಿಯ ಹೆಸರು ಬರೆದುಕೋ ಎಂದೆ. ಪುಸ್ತಕ ತಿರುವಿ, “ಎಲ್ಲಿ ಬರೀಲಿ?” ಎಂದು ನನ್ನನ್ನೇ ಕೇಳಿದ.