ಗ್ರೂಪ್‌ನಲ್ಲಿ ಯಾರೂ ಸುಳ್ಳು ಎನ್ನಲಿಲ್ಲ, ಹಾಗಾದರೆ ಅದು ನಿಜವೇ?

“ನಮ್ಮ ಗ್ರೂಪ್‌ನಲ್ಲಿ ಇನ್ನೂರು ಜನ ಇದ್ದಾರೆ, ಒಬ್ಬರೂ ಇದು ಸುಳ್ಳು ಎನ್ನಲಿಲ್ಲ.” ಫಾರ್ವರ್ಡ್ ಸಂದೇಶವನ್ನು ನಂಬಲು ಅನೇಕರು ಕೊಡುವ ಕಾರಣವಿದು. ಆದರೆ ಯಾರೋ ಹೇಳಿರಬಹುದು, ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಆ್ಯಪ್‌ಗಳು ಮಾತುಕತೆಯನ್ನು ಜೋಡಿಸುವ ರೀತಿಯೂ ಇದಕ್ಕೆ ಒಂದು ಕಾರಣ. ಅದರಲ್ಲಿ ಮುಖ್ಯವಾಗಿ ಎರಡು ಬಗೆ.

ಸಾಲು ಮಾದರಿ

ಇಲ್ಲಿ ಸಂದೇಶಗಳು ಬಂದ ಹೊತ್ತಿಗೆ ತಕ್ಕಂತೆ ಒಂದರ ಕೆಳಗೊಂದು ನಿಲ್ಲುತ್ತವೆ. 1988ರಲ್ಲಿ ಫಿನ್ಲೆಂಡ್‌ನಲ್ಲಿ ಶುರುವಾದ ಐಆರ್‌ಸಿ ಚಾಟ್ ಹೀಗಿತ್ತು. ಇಂದಿನ ವಾಟ್ಸ್ಆ್ಯಪ್ ಗ್ರೂಪ್‌ಗಳೂ ಹೀಗೇ. ಕಲಿಯಬೇಕಾದದ್ದು ಏನೂ ಇಲ್ಲ. ಹೊಸದು ಯಾವಾಗಲೂ ಕೆಳಗೆ.

ತೊಂದರೆ ಬರುವುದು ಎರಡು ಮಾತು ಒಟ್ಟಿಗೆ ನಡೆದಾಗ. “ಅಮ್ಮನಿಗೆ ಬಿ.ಪಿ. ಮಾತ್ರೆ ಕೊಟ್ಟಾಯ್ತಾ?” ಎಂದು ಅಕ್ಕ ಕೇಳುತ್ತಾರೆ. ಅಷ್ಟರಲ್ಲಿ “ನಾಳೆಗೆ ಗಾಡಿ ಬುಕ್ ಆಯ್ತಾ?” ಎಂದು ಭಾವ ಕೇಳುತ್ತಾರೆ. ಕೆಳಗೆ ತಮ್ಮನ ಉತ್ತರ: “ಆಯ್ತು.” ಯಾವುದು ಆಯ್ತು?

ಎಳೆ ಮಾದರಿ

ಇದನ್ನೇ ಥ್ರೆಡ್ ಎನ್ನುವುದು. ಪ್ರತಿ ಉತ್ತರವೂ ತಾನು ಉತ್ತರಿಸುತ್ತಿರುವ ಸಂದೇಶದ ಅಡಿಯಲ್ಲೇ ಕೂರುತ್ತದೆ, ಮರದ ಕೊಂಬೆಗೆ ರೆಂಬೆ ಬಂದ ಹಾಗೆ. ಇದು ಹೊಸದಲ್ಲ. ಪ್ರತಿ ಇಮೇಲ್‌ಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಉತ್ತರದೊಳಗೆ ಮೂಲ ಪತ್ರದ ಸಂಖ್ಯೆಯನ್ನು ನಮೂದಿಸುವ ವ್ಯವಸ್ಥೆ 1982ರ ಇಮೇಲ್ ನಿಯಮಗಳಲ್ಲೇ ಇತ್ತು. 2005ರಲ್ಲಿ ಬಂದ ರೆಡಿಟ್‌ನ ಕಾಮೆಂಟ್‌ಗಳೂ ಎಳೆ ಮಾದರಿಯವೇ. ಫೇಸ್‌ಬುಕ್, ಯೂಟ್ಯೂಬ್ ಕಾಮೆಂಟ್‌ಗಳದ್ದು ನಡುವಿನ ದಾರಿ.

ಯಾವುದು ಒಳ್ಳೆಯದು?

ಎಳೆಯಲ್ಲಿ ತಿದ್ದುಪಡಿ ಸುಳ್ಳಿನ ಕೆಳಗೇ ಅಂಟಿಕೊಂಡಿರುತ್ತದೆ. ಇದು ದೊಡ್ಡ ಅನುಕೂಲ. ಆದರೆ ಚರ್ಚೆ ಬೆಳೆದಂತೆ ಕವಲುಗಳು ಹೆಚ್ಚಿ, ಹೊಸ ಉತ್ತರ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಫೋನಿನ ಕಿರಿದಾದ ಪರದೆಯಲ್ಲಿ ಓದುವುದೂ ಕಷ್ಟ. ಅದಕ್ಕೇ ಜೆಫ್ ಅಟ್‌ವುಡ್ ಮತ್ತು ಸಂಗಡಿಗರು 2013ರಲ್ಲಿ ಹೊರತಂದ ಡಿಸ್ಕೋರ್ಸ್ ತಂತ್ರಾಂಶ ಬೇಕೆಂದೇ ಸಾಲು ಮಾದರಿಯನ್ನು ಆರಿಸಿಕೊಂಡಿತು. ಯಾವುದಕ್ಕೆ ಉತ್ತರ ಎಂಬ ಕೊಂಡಿಯನ್ನು ಮಾತ್ರ ಉಳಿಸಿತು. ಇನ್ನೊಂದು ಎಚ್ಚರ: ಲೈಕ್, ವೋಟ್ ಹೆಚ್ಚು ಬಿದ್ದ ಉತ್ತರ ಮೇಲೆ ಬರುವ ಕಡೆ, ಮೇಲಿದೆ ಎಂದರೆ ಜನಕ್ಕೆ ಹಿಡಿಸಿದೆ ಎಂದರ್ಥ, ಸರಿಯಾಗಿದೆ ಎಂದಲ್ಲ.

ಫಾರ್ವರ್ಡ್ ಮಾಡಿದಾಗ ಏನಾಗುತ್ತದೆ?

“ಹೃದಯಾಘಾತವಾದಾಗ ಜೋರಾಗಿ ಕೆಮ್ಮಿದರೆ ಬದುಕಬಹುದು” ಎಂಬ ಹಳೆಯ ಸಂದೇಶವನ್ನೇ ತೆಗೆದುಕೊಳ್ಳಿ. ಇದು ತಪ್ಪು ಸಲಹೆ. ಎದೆನೋವು ಬಂದರೆ ಕೆಮ್ಮುತ್ತಾ ಕೂರದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಗ್ರೂಪ್‌ನಲ್ಲಿರುವ ನರ್ಸ್ ಒಬ್ಬರು ಹೀಗೆಂದು ಬರೆದರು ಎನ್ನೋಣ. ಅದರ ಮೇಲೆ ನಲವತ್ತು ಶುಭೋದಯ, ಎರಡು ಹುಟ್ಟುಹಬ್ಬದ ಹಾರೈಕೆ ಬಂದವು. ಸಂಜೆ ಫೋನ್ ತೆರೆದವರು ಕೊನೆಯ ಕೆಲವು ಸಂದೇಶಗಳನ್ನಷ್ಟೇ ನೋಡಿ ಬಿಡಬಹುದು.

ಇದಕ್ಕಿಂತ ಗಂಭೀರವಾದದ್ದು, ಸಂದೇಶವನ್ನು ಬೇರೆ ಗ್ರೂಪ್‌ಗೆ ಕಳಿಸಿದಾಗ ಅದೊಂದೇ ಹೋಗುತ್ತದೆ. ಕೆಳಗಿನ ತಿದ್ದುಪಡಿ ಹಿಂದೆಯೇ ಉಳಿಯುತ್ತದೆ. ಮೊದಲು ಹಾಕಿದವರು ತಮ್ಮ ಸಂದೇಶವನ್ನು ಅಳಿಸಿದರೂ, ಆಗಲೇ ಫಾರ್ವರ್ಡ್ ಆದ ಪ್ರತಿಗಳು ಅಳಿಯುವುದಿಲ್ಲ.

ನಾವೇನು ಮಾಡಬಹುದು?

• ಉತ್ತರಿಸುವಾಗ ಮೂಲ ಸಂದೇಶವನ್ನು ಬಲಕ್ಕೆ ಎಳೆದು ರಿಪ್ಲೈ ಮಾಡಿ. ಸಾಲಿನೊಳಗೇ ಒಂದು ಎಳೆ ಸಿಗುತ್ತದೆ.
• ಔಷಧಿ, ಹಣ, ಪ್ರಯಾಣದ ವಿಷಯಕ್ಕೆ ಬರೀ “ಆಯ್ತು” ಬೇಡ. “ಮಾತ್ರೆ ಕೊಟ್ಟಾಯ್ತು” ಎಂದು ಪೂರ್ತಿ ಬರೆಯಿರಿ.
• ತಿದ್ದುಪಡಿಯಲ್ಲಿ “ಇದು ಸುಳ್ಳು” ಎಂದಷ್ಟೇ ಹೇಳದೆ ಯಾವುದು ಸುಳ್ಳು ಎಂದೂ ಬರೆಯಿರಿ. ಆಗ ಒಂಟಿಯಾಗಿ ಫಾರ್ವರ್ಡ್ ಆದರೂ ಅರ್ಥವಾಗುತ್ತದೆ.
• ಕಳಿಸುವ ಮುನ್ನ ಗ್ರೂಪ್‌ನಲ್ಲಿ ಆ ಸಂದೇಶದ ಕೆಳಗೆ ಏನೇನು ಬಂದಿದೆ ಎಂದು ನೋಡಿ.
• ತಪ್ಪು ಸಂದೇಶ ಕಳಿಸಿದ್ದು ಗೊತ್ತಾದರೆ, ಅದನ್ನು ಕಳಿಸಿದ ಪ್ರತಿ ಗ್ರೂಪ್‌ಗೂ ತಿದ್ದುಪಡಿ ಕಳಿಸಿ.

ಒಟ್ಟಿನಲ್ಲಿ, ಗ್ರೂಪ್‌ನ ಮೌನ ಸಾಕ್ಷಿಯಲ್ಲ. ನಿಮಗೆ ಕಾಣದ ತಿದ್ದುಪಡಿ ಸ್ವಲ್ಪ ಮೇಲೆಯೇ ಇರಬಹುದು.