ಕೇಳಿಸದೆ ಹೋದ ಮಾತು

1977ರ ಮಾರ್ಚ್ 27, ಭಾನುವಾರ. ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದ ಲೋಸ್ ರೋಡಿಯೋಸ್ ವಿಮಾನ ನಿಲ್ದಾಣ ಅಂದು ಕಿಕ್ಕಿರಿದಿತ್ತು. ನೆರೆಯ ಗ್ರಾನ್ ಕೆನರಿಯಾ ನಿಲ್ದಾಣದಲ್ಲಿ ಬಾಂಬು ಸಿಡಿದಿದ್ದರಿಂದ ಅಲ್ಲಿಗೆ ಹೊರಟಿದ್ದ ವಿಮಾನಗಳನ್ನು ಇಲ್ಲಿಗೆ ತಿರುಗಿಸಲಾಗಿತ್ತು. ಅವುಗಳಲ್ಲಿ ಎರಡು ಬೋಯಿಂಗ್ 747 ವಿಮಾನಗಳು: ಒಂದು ಹಾಲೆಂಡಿನ ಕೆ.ಎಲ್.ಎಂ. ಸಂಸ್ಥೆಯದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯದು.

ಸಂಜೆ ಐದರ ಸುಮಾರಿಗೆ ಅವೆರಡಕ್ಕೂ ಹೊರಡುವ ಅವಕಾಶ ದೊರೆಯಿತು. ಪಕ್ಕದ ದಾರಿಯಲ್ಲಿ ಬೇರೆ ವಿಮಾನಗಳು ನಿಂತಿದ್ದುದರಿಂದ ಎರಡೂ ರನ್‌ವೇ ಮೇಲೆಯೇ ಸಾಗಬೇಕಾಯಿತು. ಕೆ.ಎಲ್.ಎಂ. ವಿಮಾನ ತುದಿಯವರೆಗೆ ಹೋಗಿ, ಮುಖ ತಿರುಗಿಸಿ ನಿಂತಿತು. ಹಿಂದೆ ಬರುತ್ತಿದ್ದ ಪ್ಯಾನ್ ಆಮ್ ವಿಮಾನ ನಡುವೆಯೇ ಪಕ್ಕಕ್ಕೆ ಸರಿಯಬೇಕಿತ್ತು. ಅಷ್ಟರಲ್ಲಿ ದಟ್ಟ ಮಂಜು ಕವಿಯಿತು. ಎರಡು ವಿಮಾನಗಳ ಚಾಲಕರೂ ನಿಯಂತ್ರಣ ಗೋಪುರದವರೂ ಒಬ್ಬರಿಗೊಬ್ಬರು ಕಾಣದಾದರು. ನೆಲದ ಮೇಲಿನ ಚಲನೆಯನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ. ಅವರಿಗೆ ಉಳಿದದ್ದು ರೇಡಿಯೋ ಒಂದೇ.

ಹಾರಿದ ಮೇಲೆ ಅನುಸರಿಸಬೇಕಾದ ಮಾರ್ಗವನ್ನು ಗೋಪುರವು ಕೆ.ಎಲ್.ಎಂ. ವಿಮಾನಕ್ಕೆ ತಿಳಿಸಿತು. ಅದು ಮಾರ್ಗದ ಸೂಚನೆಯೇ ಹೊರತು ಹಾರಲು ಅನುಮತಿಯಲ್ಲ. ಆದರೆ ಆ ಸೂಚನೆಯಲ್ಲಿ 'ಟೇಕ್ ಆಫ್' ಎಂಬ ಪದವಿತ್ತು. ಸಹಚಾಲಕನು ಸೂಚನೆಯನ್ನು ಮರಳಿ ಹೇಳಿ, ಕೊನೆಗೆ "ನಾವೀಗ ಟೇಕ್ ಆಫ್‌ನಲ್ಲಿದ್ದೇವೆ" ಎಂಬರ್ಥದ ಮಾತನ್ನು ಸೇರಿಸಿದನು. ವಿಮಾನ ಆಗಲೇ ಓಡತೊಡಗಿತ್ತು. ಗೋಪುರದಲ್ಲಿದ್ದವನು ಅದನ್ನು 'ಹೊರಡಲು ಸಿದ್ಧರಾಗಿ ನಿಂತಿದ್ದೇವೆ' ಎಂದು ತಿಳಿದು "ಓಕೆ" ಎಂದನು. ಕ್ಷಣ ತಡೆದು, ಕಾದಿರಿ, ನಾನೇ ಕರೆಯುತ್ತೇನೆ ಎಂದೂ ಹೇಳಿದನು. ಅದೇ ಕ್ಷಣದಲ್ಲಿ ಪ್ಯಾನ್ ಆಮ್ ಚಾಲಕರು ತಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆಂದು ಕೂಗಿ ಹೇಳಿದರು. ಒಂದೇ ತರಂಗದಲ್ಲಿ ಎರಡು ದನಿಗಳು ಢಿಕ್ಕಿ ಹೊಡೆದವು. ಕೆ.ಎಲ್.ಎಂ. ವಿಮಾನದಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಮಾತ್ರ. ಮಿಕ್ಕದ್ದು ಕರ್ಕಶವಾದ ಸಿಳ್ಳಿನಲ್ಲಿ ಮುಳುಗಿಹೋಯಿತು.

ಆದರೂ ಒಂದು ಅವಕಾಶ ಉಳಿದಿತ್ತು. ಮರುಕ್ಷಣದಲ್ಲೇ ಪ್ಯಾನ್ ಆಮ್ ವಿಮಾನವು ರನ್‌ವೇ ಬಿಟ್ಟಾಗ ತಿಳಿಸುವುದಾಗಿ ಗೋಪುರಕ್ಕೆ ಹೇಳಿತು. ಈ ಮಾತು ಕೆ.ಎಲ್.ಎಂ. ವಿಮಾನದಲ್ಲಿಯೂ ಕೇಳಿಸಿತು. ಅದನ್ನು ಗಮನಿಸಿದ ಇಂಜಿನಿಯರ್, "ಹಾಗಾದರೆ ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ?" ಎಂದು ಕೇಳಿದನು. ಕ್ಯಾಪ್ಟನ್ ಯಾಕೊಬ್ ಫೆಲ್ಡ್‌ಹೌಸನ್ ಫಾನ್ ಜಾಂಟೆನ್ ಸಂಸ್ಥೆಯ ಹಿರಿಯ ತರಬೇತುದಾರರು; ಪಕ್ಕದಲ್ಲಿದ್ದ ಸಹಚಾಲಕನನ್ನು ಈ ವಿಮಾನ ನಡೆಸಲು ಅರ್ಹನೆಂದು ಪರೀಕ್ಷಿಸಿದವರೂ ಅವರೇ. ಬಿಟ್ಟಿದೆ ಎಂದು ಅವರು ಖಚಿತವಾಗಿ ಉತ್ತರಿಸಿದರು. ಮತ್ತೆ ಯಾರೂ ಪ್ರಶ್ನಿಸಲಿಲ್ಲ. ಕೆಲವೇ ಕ್ಷಣಗಳಲ್ಲಿ ವಿಮಾನಗಳು ಅಪ್ಪಳಿಸಿದವು. 583 ಮಂದಿ ಮಡಿದರು. ಬದುಕುಳಿದ 61 ಮಂದಿಯೂ ಪ್ಯಾನ್ ಆಮ್ ವಿಮಾನದವರು.

ಈ ದುರಂತದ ನಂತರ ವಾಯುಯಾನದ ಭಾಷೆಯೇ ಬದಲಾಯಿತು. ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಪಡಿಸುವಾಗ ಮಾತ್ರ 'ಟೇಕ್ ಆಫ್' ಎಂಬ ಪದವನ್ನು ಬಳಸಬೇಕು. ಉಳಿದೆಡೆ 'ಡಿಪಾರ್ಚರ್' ಎನ್ನಬೇಕು. ಮುಖ್ಯ ಸೂಚನೆಗಳಿಗೆ "ಓಕೆ" ಎಂದರೆ ಸಾಲದು. ಕೇಳಿದ್ದನ್ನು ಮರಳಿ ಹೇಳಬೇಕು. ಕಿರಿಯರು ಸಂಶಯವನ್ನು ಸ್ಪಷ್ಟವಾಗಿ ನುಡಿಯುವಂತೆ, ಹಿರಿಯರು ಅದಕ್ಕೆ ಕಿವಿಗೊಡುವಂತೆ ತರಬೇತಿ ನೀಡುವ ಕ್ರಮವೂ ಮುಂದೆ ಬೆಳೆಯಿತು.

ಅಂದು ಮಾತನಾಡಿದವರಾರೂ ಸುಳ್ಳಾಡಲಿಲ್ಲ. ಪ್ರತಿಯೊಬ್ಬರೂ ತಾವು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಂಡರು. ಕೇಳಿಸದಿದ್ದಾಗ ನಾವು ಮತ್ತೆ ಕೇಳುತ್ತೇವೆ; ಕೇಳಿಸಿತೆಂದು ನಂಬಿದಾಗ ಕೇಳುವುದಿಲ್ಲ. ಮನೆಯಲ್ಲಾಗಲಿ ಸಭೆಯಲ್ಲಾಗಲಿ ಕಿರಿಯರೊಬ್ಬರು ಅಳುಕುತ್ತಾ "ಹಾಗಲ್ಲವೇನೋ?" ಎಂದಾಗ, ಉತ್ತರಿಸುವ ಮುನ್ನ ಒಂದು ಗಳಿಗೆ ನಿಲ್ಲುವ ತಾಳ್ಮೆ ನಮಗಿರಬೇಕು.